ಕೊಡುವುದಕ್ಕಿಂತ ಕಾಯುವುದು ಮೇಲು: ನಮ್ಮ ಚಾರಿತ್ರಿಕ ಸ್ಥಳಗಳ ರಕ್ಷಣೆಯ ಕಥೆ

ಊರಿನಿಂದ ನಂಟರು ಮುಂಬಯಿಗೆ ಬಂದರೆಂದರೆ ಅವರಿಗೆ ತೋರಿಸತಕ್ಕ ಸ್ಥಳಗಳ ಪಟ್ಟಿಯೊಂದು ನಮ್ಮೆಲ್ಲರ ಮನೆಗಳಲ್ಲೂ ಸಿದ್ಧವಾಗಿಯೇ ಇರುತ್ತದೆ. ಮಹಾಲಕ್ಷ್ಮಿಯ ಗುಡಿ, ಚೌಪಾಟಿಯ ಮರಳು, ಭಾಯಖಳೆಯ ರಾಣಿಬಾಗು, ಕಡೆಗೆ ಒಂದು ಭಾನುವಾರ ಗೇಟ್‌ವೇ ಬಳಿ ಲಾಂಚು ಹತ್ತಿ ಘಾರಾಪುರಿಯ ಯಾತ್ರೆ. ಎಲಿಫೆಂಟಾ ಎಂದು ಲೋಕವೆಲ್ಲ ಕರೆಯುವ ಆ ದ್ವೀಪದ ಮೆಟ್ಟಿಲುಗಳನ್ನು ಏದುಸಿರು ಬಿಡುತ್ತ ಏರಿ, ಗುಹೆಯ ನಸುಗತ್ತಲಲ್ಲಿ ಸುಮಾರು 18 ಅಡಿ ಎತ್ತರದ ಮೂರು ಮುಖದ ಸದಾಶಿವನ ಎದುರು ನಿಂತಾಗ ಮಾತು ತಾನಾಗಿ ನಿಂತುಹೋಗುತ್ತದೆ. ಹೊರಗೆ ಬಂದ ಮೇಲಷ್ಟೆ ಬದಿಯಲ್ಲಿರುವ ನೀಲಿ ಹಲಗೆಯ ಕಡೆ ನಮ್ಮ ಕಣ್ಣು ಹೋಗುತ್ತದೆ. ಈ ಸ್ಮಾರಕವು 1958ರ ಕಾಯಿದೆಯ ಮೇರೆಗೆ ರಾಷ್ಟ್ರೀಯ ಮಹತ್ವದ್ದೆಂದು ಸಾರಲ್ಪಟ್ಟಿದೆ, ಇದನ್ನು ಕೆಡಿಸಿದವರಿಗೆ ಸೆರೆ ಅಥವಾ ದಂಡ ಎಂಬುದು ಅದರ ಒಕ್ಕಣೆಯ ತಾತ್ಪರ್ಯ.

ಒಮ್ಮೆ ನಮ್ಮ ಜೊತೆಗೆ ಬಂದಿದ್ದ ಊರಿನ ಅಜ್ಜಿಯೊಬ್ಬರು ಆ ಹಲಗೆಯ ಬರೆಹವನ್ನು ಮೊಮ್ಮಗನಿಂದ ಓದಿಸಿಕೊಂಡು, ಕನ್ನಡದಲ್ಲಿ ಅರ್ಥ ಕೇಳಿ ತಿಳಿದು, ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: “ಹಾಗಾದರೆ ಇದು ಈಗ ಯಾರ ಸೊತ್ತಪ್ಪಾ? ದೇವರದ್ದೋ, ಸರಕಾರದ್ದೋ?”

ನಮ್ಮಲ್ಲಿ ಯಾರಿಗೂ ಕೂಡಲೆ ಉತ್ತರ ತೋಚಲಿಲ್ಲ. ಪ್ರಶ್ನೆ ಸಣ್ಣದಾಗಿ ಕಂಡರೂ ಸಣ್ಣದಲ್ಲ. ಒಂದು ದೇಶದ ಚಾರಿತ್ರಿಕ ಸ್ಥಳಗಳನ್ನು ಸಾರ್ವಜನಿಕರ ಸೊತ್ತೆಂದು ಕಾದಿಡುವುದೆಂದರೆ ಏನು, ಯಾರಿಗಾಗಿ ಕಾದಿಡುವುದು, ಕಾಯುವವರು ಯಾರು ಎಂಬುದೆಲ್ಲ ಅದರಲ್ಲಿ ಅಡಗಿದೆ. ರಾಜ್ಯೋತ್ಸವದ ಈ ಸಮಯದಲ್ಲಿ ನಾಡಿನ ಹಿರಿಮೆಯನ್ನು ಕೊಂಡಾಡುವುದು ವಾಡಿಕೆ. ಆ ಹಿರಿಮೆಗೆ ಸಾಕ್ಷಿಯಾದ ಕಲ್ಲುಗಳು ಹೇಗೆ ಉಳಿದವು, ಹೇಗೆ ಅಳಿದವು ಎಂಬುದನ್ನು ಈ ಬಾರಿ ನಾಲ್ಕು ಮಾತಿನಲ್ಲಿ ವಿಚಾರಿಸೋಣ.

ಕಳೆದುಹೋದ ಕಲ್ಲು, ಉಳಿದುಕೊಂಡ ಕಲ್ಲು

ಘಾರಾಪುರಿಯ ಗುಹೆಯನ್ನು ಕಡೆಯಿಸಿದವರು ಯಾರೆಂಬುದಕ್ಕೆ ಇಂದಿಗೂ ಖಚಿತವಾದ ಉತ್ತರವಿಲ್ಲ. ಆರನೆಯ ಶತಮಾನದ ಕೆಲಸವೆಂಬುದು ವಿದ್ವಾಂಸರ ಊಹೆ. ಕಲಚುರಿಗಳೆನ್ನುವವರೂ ಉಂಟು, ಕೊಂಕಣದ ಮೌರ್ಯರೆನ್ನುವವರೂ ಉಂಟು. ಹದಿನಾರನೆಯ ಶತಮಾನದಲ್ಲಿ ಪೋರ್ತುಗೀಜರು ಈ ದ್ವೀಪಕ್ಕೆ ಬಂದಾಗ ಬರೆಹವಿದ್ದ ಕಲ್ಲೊಂದು ಅಲ್ಲಿತ್ತು. ಅದನ್ನು ಕಿತ್ತು ತಮ್ಮ ದೊರೆಗೆಂದು ಪೋರ್ತುಗಲ್ಲಿಗೆ ಸಾಗಿಸಿದರು. ಮುಂದೆ ಆ ಕಲ್ಲು ಎಲ್ಲಿ ಹೋಯಿತೆಂಬುದೇ ತಿಳಿಯದಾಯಿತು. ಒಂದು ಕಲ್ಲು ಸ್ಥಳ ಬಿಟ್ಟು ಕದಲಿದ್ದರಿಂದ ಇಷ್ಟು ದೊಡ್ಡ ಗುಹೆ ತನ್ನ ಹೆತ್ತವರ ಹೆಸರು ಹೇಳಲಾರದೆ ಮೂಕವಾಗಿ ನಿಂತಿದೆ.

ಎಲಿಫೆಂಟಾ ಎಂಬ ಹೆಸರಿಗೆ ಕಾರಣವಾದ ಕಲ್ಲಾನೆಯ ಕಥೆಯೂ ಇಂಥದೇ. ದ್ವೀಪದ ದಡದಲ್ಲಿದ್ದ ಆ ಆನೆಯನ್ನು 1864ರಲ್ಲಿ ಇಂಗ್ಲೆಂಡಿಗೆ ಸಾಗಿಸಬೇಕೆಂದು ಎತ್ತಹೋದರು. ಎತ್ತುವ ಯಂತ್ರ ಮುರಿದು ಆನೆ ಚೂರುಚೂರಾಯಿತು. ಚೂರುಗಳನ್ನು ಮುಂದೆ ಜೋಡಿಸಿ ನಿಲ್ಲಿಸಿದರು. ಇಂದು ರಾಣಿಬಾಗಿನಲ್ಲಿ ನಮ್ಮ ಮಕ್ಕಳು ನೋಡುವ ಕಲ್ಲಾನೆ ಅದೇ.

ಇನ್ನು ನಮ್ಮ ಐಹೊಳೆಯ ಕಡೆಗೆ ನೋಡಿ. ಅಲ್ಲಿ ಗುಡ್ಡದ ಮೇಲಿನ ಮೇಗುಟಿ ಎಂಬ ಜಿನಾಲಯದ ಗೋಡೆಯಲ್ಲಿ ರವಿಕೀರ್ತಿಯು ಶಕ 556ರಲ್ಲಿ, ಎಂದರೆ ಕ್ರಿ.ಶ. 634ರ ಸುಮಾರಿಗೆ, ರಚಿಸಿದ ಶಾಸನವಿದೆ. ಚಾಲುಕ್ಯ ಎರಡನೆಯ ಪುಲಕೇಶಿಯ ದಿಗ್ವಿಜಯದ ವರ್ಣನೆ ಅದರಲ್ಲಿದೆ. ಕಾಳಿದಾಸನ ಹೆಸರು ಕಾಲ ಸಹಿತವಾಗಿ ದೊರೆಯುವುದೂ ಅಲ್ಲಿಯೇ. ನಮಗೆ ಇನ್ನೂ ಸ್ವಾರಸ್ಯವಾದ ಸಂಗತಿ ಒಂದುಂಟು. ಪುಲಕೇಶಿಯು ಕೊಂಕಣದ ಮೌರ್ಯರನ್ನು ಸೋಲಿಸಿ, ಪಡುಗಡಲ ತೀರದ ಪುರಿ ಎಂಬ ಪಟ್ಟಣವನ್ನು ಹಡಗುಗಳ ಪಡೆಯೊಡನೆ ಮುತ್ತಿದನೆಂದು ಆ ಶಾಸನ ತಿಳಿಸುತ್ತದೆ. ಆ ಪುರಿಯೇ ಘಾರಾಪುರಿ ಎಂಬುದು ಹಲವು ವಿದ್ವಾಂಸರ ಅಭಿಪ್ರಾಯ. ಅದು ನಿಜವಾದ ಪಕ್ಷದಲ್ಲಿ ನಮ್ಮ ಮುಂಬಯಿಯ ಕಡಲಿನ ಚರಿತ್ರೆಯನ್ನು, ನೂರಾರು ಮೈಲಿ ದೂರದ ಮಲಪ್ರಭೆಯ ತೀರದ ಒಂದು ಗೋಡೆ ಹೇಳುತ್ತಿದೆಯೆಂದಾಯಿತು. ಘಾರಾಪುರಿಯ ಕಲ್ಲು ಕದಲಿತು, ಅದರ ಮಾತು ಕಳೆಯಿತು. ಮೇಗುಟಿಯ ಕಲ್ಲು ಕಟ್ಟಿದ ಗೋಡೆಯಲ್ಲೇ ಇದ್ದುದರಿಂದ ಹದಿಮೂರು ಶತಮಾನಗಳ ಮೇಲೂ ಮಾತನಾಡುತ್ತಿದೆ. ಸ್ಥಳವನ್ನೇ ಕಾಯಬೇಕು, ವಸ್ತುವನ್ನು ಎತ್ತಿಟ್ಟರೆ ಸಾಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ಬೇಕೆ?

ಹಳೆಯ ಕಾಲದ ಕಾವಲು

ಹಾಗಾದರೆ ಈ ಗೋಡೆಯನ್ನು ಇಷ್ಟು ಕಾಲ ಕಾಯ್ದವರು ಯಾರು? ಕನ್ನಡದಲ್ಲಿ ಕಲ್ಲಿನ ಮೇಲಿನ ಬರೆಹಕ್ಕೂ ‘ಶಾಸನ’ವೆನ್ನುತ್ತೇವೆ, ಸರಕಾರ ಮಾಡುವ ಕಾನೂನಿಗೂ ‘ಶಾಸನ’ವೆನ್ನುತ್ತೇವೆ. ಇದು ಬರಿಯ ಪದಸಾಮ್ಯವಲ್ಲ. ಹಿಂದಿನ ದಾನಶಾಸನಗಳು ನಿಜವಾಗಿ ಕಾನೂನುಗಳೇ ಆಗಿದ್ದವು. ದೇವಾಲಯಕ್ಕೋ ಬಸದಿಗೋ ಭೂಮಿ ಬಿಡುವಾಗ, ಅದರ ಉತ್ಪನ್ನದಲ್ಲಿ ನಂದಾದೀವಿಗೆಗೆ ಇಷ್ಟು, ನೈವೇದ್ಯಕ್ಕೆ ಇಷ್ಟು ಎಂದು ನಿಯಮಿಸುವುದರ ಜೊತೆಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ಕ್ಕೆ ಎಂದೂ ಸೇರಿಸುತ್ತಿದ್ದರು. ಒಡೆದದ್ದು, ಬಿರಿದದ್ದು, ಜೀರ್ಣವಾದದ್ದನ್ನು ಸರಿಪಡಿಸುವ ಖರ್ಚಿಗೆ ಎಂದರ್ಥ. ಕಟ್ಟಿಸುವ ದಿನವೇ ಮುಂದಿನ ಬಿರುಕಿನ ಚಿಂತೆ ಮಾಡಿದ ಜನ ಅವರು.

ಶಾಸನದ ಕೊನೆಯಲ್ಲಿ ಶಾಪಾಶಯದ ಮಾತು ಬರುವುದನ್ನು ಬಲ್ಲವರು ಬಲ್ಲರು. ಈ ಧರ್ಮವನ್ನು ಕೆಡಿಸಿದವನು ವಾರಣಾಸಿಯಲ್ಲಿ ಗೋವನ್ನು ಕೊಂದ ಪಾಪಕ್ಕೆ ಹೋಗುವನು, ಅರುವತ್ತು ಸಾವಿರ ವರುಷ ಹುಳುವಾಗಿ ಹುಟ್ಟುವನು ಎಂಬ ಬೆದರಿಕೆ ಅದರಲ್ಲಿರುತ್ತದೆ. ಆದರೆ ಬೆದರಿಕೆಯ ಪಕ್ಕದಲ್ಲೇ ಅನೇಕ ಶಾಸನಗಳಲ್ಲಿ ಇನ್ನೊಂದು ಹಿರಿಯ ಮಾತೂ ಇರುತ್ತದೆ. ತಾನು ದಾನ ಕೊಡುವುದು ಸುಲಭ, ಪರರು ಕೊಟ್ಟದ್ದನ್ನು ಪಾಲಿಸುವುದು ಕಷ್ಟ, ಕೊಡುವುದಕ್ಕಿಂತ ಕಾಯುವುದೇ ಮೇಲು ಎಂಬುದು ಅದರ ಆಶಯ. ಕೊಟ್ಟ ಅರಸನೇ ತನಗಿಂತ ಕಾಯುವವನು ದೊಡ್ಡವನೆಂದು ಬರೆಯಿಸಿದ್ದಾನೆ. ನಮ್ಮ ಪೂರ್ವಿಕರ ದೂರದೃಷ್ಟಿಗೆ ಈ ಒಂದು ಮಾತು ಸಾಕು.

ಆದರೆ ರಾಜ್ಯಗಳು ಬಿದ್ದ ಮೇಲೆ, ಬಿಟ್ಟ ಭೂಮಿ ಪರರ ಪಾಲಾದ ಮೇಲೆ, ಬಿರುಕಿಗೆ ಸುಣ್ಣ ಹಾಕುವವರೂ ಇಲ್ಲದಾಯಿತು. ಪೂಜೆ ನಿಲ್ಲದ ಗುಡಿಗಳು ಹೇಗೋ ಉಳಿದುಕೊಂಡವು. ಉಳಿದವುಗಳಿಗೆ ಊರಿನ ಜನರೇ ಆಸರೆ, ಊರಿನ ಜನಕ್ಕೆ ಅವೇ ಆಸರೆ. ಐಹೊಳೆಯ ಒಂದು ಪ್ರಾಚೀನ ದೇವಾಲಯಕ್ಕೆ ಇಂದಿಗೂ ಲಾಡಖಾನನ ಗುಡಿ ಎಂದೇ ಹೆಸರು. ಆ ಹೆಸರಿನ ಗೃಹಸ್ಥನೊಬ್ಬನು ಅದರಲ್ಲಿ ವಾಸಮಾಡಿದ್ದನೆಂಬುದು ಅದರ ಕಾರಣ. ಗೌಡರ ಗುಡಿ, ಅಂಬಿಗೇರ ಗುಡಿ ಮುಂತಾದ ಹೆಸರುಗಳು ದೇವರನ್ನಲ್ಲ, ನೆರೆಹೊರೆಯವರನ್ನು ನೆನೆಯುತ್ತವೆ. ಕಂಬಗಳ ನಡುವೆ ಮಣ್ಣಿನ ಗೋಡೆ ಎಬ್ಬಿಸಿ ಸಂಸಾರ ಹೂಡಿದ ಜನರನ್ನು ನಾವು ಸುಲಭವಾಗಿ ಜರೆಯಬಾರದು. ಮನೆಯಾಗಿದ್ದ ಗುಡಿಯ ಸೂರು ಸೋರದಂತೆ ನೋಡಿಕೊಂಡವರೂ ಅವರೇ. ಮನೆಯಾಗದೆ ಬಯಲಿನಲ್ಲಿ ನಿಂತ ಗುಡಿಗಳ ಕಲ್ಲುಗಳು ಎಷ್ಟೋ ಕಡೆ ಬಾವಿಯ ಕಟ್ಟೆಗೂ ಗದ್ದೆಯ ಒಡ್ಡಿಗೂ ಹೋದವು.

ಕಾಯಿದೆ ಬಂದ ಬಗೆ

ಇಂಗ್ಲಿಷರ ಆಳ್ವಿಕೆಯಲ್ಲಿ ಈ ವಿಷಯದ ಮೊದಲ ಕಟ್ಟಳೆಗಳು ಬಂಗಾಲದಲ್ಲಿ 1810ರಲ್ಲೂ ಮದರಾಸಿನಲ್ಲಿ 1817ರಲ್ಲೂ ಬಂದವು. ಸಾರ್ವಜನಿಕ ಕಟ್ಟಡಗಳ ದುರುಪಯೋಗವನ್ನು ತಡೆಯುವ ಅಧಿಕಾರ ಸರಕಾರಕ್ಕೆ ದೊರೆಯಿತು. 1861ರಲ್ಲಿ ಕನ್ನಿಂಗ್‌ಹ್ಯಾಮರ ನೇತೃತ್ವದಲ್ಲಿ ಪ್ರಾಚ್ಯವಸ್ತು ಸರ್ವೇಕ್ಷಣದ ಕೆಲಸ ಮೊದಲಾಯಿತು. ಆದರೆ ಹೆಚ್ಚಿನದೆಲ್ಲ ನೋಡಿ ಬರೆದುಕೊಳ್ಳುವ ಕೆಲಸ. ಕಾಯುವ ಕೆಲಸ ಅಷ್ಟಕ್ಕಷ್ಟೆ. ಕಾಯಬೇಕಾದ ಸರಕಾರವೇ ಎಷ್ಟೋ ಕಡೆ ಕೆಡಿಸುತ್ತಿತ್ತು. ಅಹಮದಾಬಾದಿನಲ್ಲಿ ಕಲ್ಲಿನ ಜಾಲಂದ್ರಕ್ಕೆ ಜಗತ್ಪ್ರಸಿದ್ಧವಾದ ಸೀದಿ ಸಯ್ಯದ್ ಮಸೀದಿ ತಹಶೀಲ್ದಾರರ ಕಚೇರಿಯಾಗಿತ್ತು. ನಮ್ಮ ಬಿಜಾಪುರದಲ್ಲಿ ಒಂದು ಮಸೀದಿ ಡಾಕ್ ಬಂಗಲೆಯಾಗಿಯೂ ಮತ್ತೊಂದು ಅಂಚೆ ಕಚೇರಿಯಾಗಿಯೂ ಬಳಕೆಯಲ್ಲಿದ್ದವು.

1899ರಲ್ಲಿ ವೈಸರಾಯ್ ಆಗಿ ಬಂದ ಕರ್ಜನ್ ಪ್ರಭು ಊರೂರು ಸುತ್ತಿ ಇದನ್ನೆಲ್ಲ ಕಂಡು ಆ ಕಚೇರಿಗಳನ್ನು ತೆರವು ಮಾಡಿಸಿದರು. ಬಂಗಾಲವನ್ನು ಒಡೆದ ಕರ್ಜನರ ಮೇಲೆ ನಮಗೆ ಬೇರೆ ದೂರುಗಳಿವೆ, ಅವು ಉಳಿಯತಕ್ಕವೇ. ಆದರೂ ಈ ಒಂದು ವಿಷಯದಲ್ಲಿ ಅವರ ಋಣವನ್ನು ಒಪ್ಪದಿರುವುದು ನ್ಯಾಯವಲ್ಲ. 1902ರಲ್ಲಿ ಜಾನ್ ಮಾರ್ಷಲರನ್ನು ಇಲಾಖೆಯ ಮುಖ್ಯಸ್ಥರನ್ನಾಗಿ ಕರೆಸಿದರು. 1904ರಲ್ಲಿ ಪ್ರಾಚೀನ ಸ್ಮಾರಕಗಳ ರಕ್ಷಣೆಯ ಕಾಯಿದೆ ಬಂದಿತು. ಸರಕಾರವು ಒಂದು ಕಟ್ಟಡವನ್ನು ರಕ್ಷಿತ ಸ್ಮಾರಕವೆಂದು ಸಾರಬಹುದು, ಒಡೆಯನೊಡನೆ ಒಪ್ಪಂದ ಮಾಡಿಕೊಳ್ಳಬಹುದು, ಬೇಕಾದರೆ ಬೆಲೆಕೊಟ್ಟು ಕೊಳ್ಳಬಹುದು. ಕೆಡಿಸಿದವನಿಗೆ 5,000 ರೂಪಾಯಿಯವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಸೆರೆ. ಹಳೆಯ ಶಾಸನದ ಶಾಪಕ್ಕೆ ಬದಲಾಗಿ ಹೊಸ ಶಾಸನದ ದಂಡ ಬಂದಿತು.

ನಾಲ್ಕು ಆಡಳಿತ, ಒಂದು ನಾಡು

ಆ ಕಾಲದಲ್ಲಿ ಕನ್ನಡ ನಾಡು ಹರಿದು ಹಂಚಿಹೋಗಿತ್ತೆಂಬುದನ್ನು ರಾಜ್ಯೋತ್ಸವದಂದು ನೆನೆಯದವರಿಲ್ಲ. ನಾಡು ಹಂಚಿಹೋದಾಗ ಅದರ ಸ್ಮಾರಕಗಳೂ ಹಂಚಿಹೋಗಿದ್ದವು. ಬಾದಾಮಿ, ಐಹೊಳೆ, ಪಟ್ಟದಕಲ್ಲು, ಬಿಜಾಪುರಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಹಂಪೆ ಮದರಾಸಿನದು. ಕಲಬುರ್ಗಿ, ಬೀದರ, ಇಟಗಿ, ಕುಕನೂರುಗಳು ನಿಜಾಮರ ಹೈದರಾಬಾದಿಗೆ. ಬೇಲೂರು, ಹಳೆಬೀಡು, ಸೋಮನಾಥಪುರ, ಶ್ರವಣಬೆಳಗೊಳಗಳು ಮೈಸೂರಿಗೆ.

ಇದರಲ್ಲಿ ಮೈಸೂರಿನ ಕೆಲಸ ವಿಶೇಷವಾಗಿ ನೆನೆಯತಕ್ಕದ್ದು. 1885ರಷ್ಟು ಹಿಂದೆಯೇ ಅಲ್ಲಿ ಪ್ರಾಕ್ತನ ವಿಮರ್ಶೆಯ ಇಲಾಖೆ ಹುಟ್ಟಿತು. ಬಿ. ಎಲ್. ರೈಸರು ಸಾವಿರಾರು ಶಾಸನಗಳನ್ನು ‘ಎಪಿಗ್ರಾಫಿಯ ಕರ್ನಾಟಿಕ’ದ ಸಂಪುಟಗಳಲ್ಲಿ ಪ್ರಕಟಿಸಿದರು. ಅವರ ತರುವಾಯ ಆರ್. ನರಸಿಂಹಾಚಾರ್ಯರೂ, ಶಾಮಶಾಸ್ತ್ರಿಗಳೂ, ಎಂ. ಎಚ್. ಕೃಷ್ಣರೂ ಆ ದೀಪವನ್ನು ಹೊತ್ತು ನಡೆದರು. ಹೈದರಾಬಾದಿನಲ್ಲಿ 1914ರಲ್ಲಿ ಇಲಾಖೆ ಸ್ಥಾಪನೆಯಾಗಿ, ಗುಲಾಂ ಯಜ್ದಾನಿಯವರು ಬೀದರದ ಕೋಟೆ, ಮದರಸಗಳನ್ನು ಕುರಿತು ಅಮೂಲ್ಯವಾದ ಕೆಲಸ ಮಾಡಿದರು.

1956ರ ನವೆಂಬರ್ 1ರಂದು ನಾಡು ಒಂದಾಯಿತು. ಎರಡು ವರ್ಷಕ್ಕೆ, 1958ರಲ್ಲಿ, ಭಾರತ ಸರಕಾರದ ಹೊಸ ಕಾಯಿದೆ ಬಂದಿತು. ನಮ್ಮ ನೀಲಿ ಹಲಗೆಯಲ್ಲಿ ಕಾಣುವುದು ಅದೇ. 1961ರಲ್ಲಿ ರಾಜ್ಯದ ಕಾಯಿದೆಯೂ ಆಯಿತು. ಬೇರೆ ಬೇರೆ ಆಡಳಿತಗಳ ಕೈಯಲ್ಲಿದ್ದ ಕಲ್ಲುಗಳು ಹೀಗೆ ಒಂದೇ ನಾಡಿನ ಸೊತ್ತಾದವು. ಸಂವಿಧಾನದ 49ನೆಯ ಅನುಚ್ಛೇದ ಇವುಗಳ ರಕ್ಷಣೆಯನ್ನು ರಾಜ್ಯದ ಹೊಣೆಯೆಂದು ಸಾರಿತು. 1976ರಲ್ಲಿ ಸೇರಿಸಿದ ಮೂಲಭೂತ ಕರ್ತವ್ಯಗಳಲ್ಲಿ ಅದೇ ಹೊಣೆಯನ್ನು ಪ್ರತಿಯೊಬ್ಬ ಪ್ರಜೆಯ ಮೇಲೂ ಹೊರಿಸಲಾಯಿತು.

ಕಾಯಿದೆಯ ದಂಡ ಮಾತ್ರ ಬಹುಕಾಲ 1904ರಲ್ಲಿ ಇದ್ದಲ್ಲಿಯೇ ಇತ್ತು. 1958ರ ಕಾಯಿದೆಯಲ್ಲೂ ಅದೇ ಮೂರು ತಿಂಗಳು, ಅದೇ 5,000 ರೂಪಾಯಿ. 2010ರ ತಿದ್ದುಪಡಿಯಲ್ಲಿ ಅದು ಎರಡು ವರ್ಷ ಸೆರೆ, ಒಂದು ಲಕ್ಷ ರೂಪಾಯಿ ದಂಡವೆಂದು ಏರಿತು. ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ಕೂಡದು, ಅದರಾಚೆಯ 200 ಮೀಟರ್ ಒಳಗೆ ಅನುಮತಿ ಬೇಕು ಎಂಬ 1992ರ ಕಟ್ಟಳೆ ಕೂಡ ಆಗ ಕಾಯಿದೆಯ ಅಂಗವಾಯಿತು. ಇಷ್ಟಾದರೂ ಹಲಗೆ ನೆಟ್ಟಲ್ಲಿ ಕಾವಲು ಇದ್ದೇ ಇರುತ್ತದೆಂದು ನಂಬುವಂತಿಲ್ಲ. 2013ರಲ್ಲಿ ಲೆಕ್ಕ ಪರಿಶೋಧಕರು ದೇಶದ ಕೇಂದ್ರ ರಕ್ಷಿತ ಸ್ಮಾರಕಗಳನ್ನು ನೋಡಹೋದಾಗ 92 ಸ್ಮಾರಕಗಳು ಕಾಣಲೇ ಇಲ್ಲ. ಮತ್ತೆ ಹುಡುಕಿದಾಗ 42 ಸಿಕ್ಕಿದವು. 14 ಬೆಳೆಯುವ ನಗರಗಳ ಪಾಲಾಗಿದ್ದವು, 12 ಜಲಾಶಯಗಳಲ್ಲಿ ಮುಳುಗಿದ್ದವು, 24ರ ಸುಳಿವೇ ಇರಲಿಲ್ಲ. ಕಾಯಿದೆಯ ಪುಸ್ತಕದಲ್ಲಿದ್ದು ಭೂಮಿಯ ಮೇಲಿಲ್ಲದ ಸ್ಮಾರಕಗಳು ಅವು.

ಹಂಪೆಯ ಪಾಠ

ಕಾಯುವ ಕೆಲಸ ಎಷ್ಟು ಕಠಿನವೆಂಬುದನ್ನು ತಿಳಿಯಲು ಹಂಪೆಗಿಂತ ದೊಡ್ಡ ಪಾಠಶಾಲೆ ಇಲ್ಲ. ಹಂಪೆ ಒಂದು ಗುಡಿಯಲ್ಲ, ಒಂದು ಕೋಟೆಯಲ್ಲ. 1565ರ ಯುದ್ಧದ ನಂತರ ಹಾಳುಬಿದ್ದ ಒಂದು ಇಡೀ ರಾಜಧಾನಿ. 1799ರಲ್ಲಿ ಕಾಲಿನ್ ಮೆಕೆಂಜಿ ಅದರ ಮೋಜಣಿ ಮಾಡಿಸಿದರು. 1856ರಲ್ಲಿ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ಅದರ ಛಾಯಾಚಿತ್ರಗಳನ್ನು ತೆಗೆದರು. ವಿಠ್ಠಲ ದೇವಾಲಯದ ಕಲ್ಲಿನ ರಥ ಇಂದು 50 ರೂಪಾಯಿಯ ನೋಟಿನ ಮೇಲೆ ನಮ್ಮೆಲ್ಲರ ಜೇಬಿನಲ್ಲಿದೆಯಷ್ಟೆ. ಗ್ರೀನ್‌ಲಾ ತೆಗೆದ ಚಿತ್ರದಲ್ಲಿ ಆ ರಥದ ಮೇಲೆ ಇಟ್ಟಿಗೆಯ ಗೋಪುರವೊಂದು ಕಾಣುತ್ತದೆ. ಅದು ಈಗಿಲ್ಲ. ಆ ಛಾಯಾಚಿತ್ರ ಇರದಿದ್ದರೆ ರಥಕ್ಕೆ ಗೋಪುರವಿತ್ತೆಂದರೆ ಎಷ್ಟು ಮಂದಿ ನಂಬುತ್ತಿದ್ದರು? ಕಣ್ಣೆದುರಿನ ಸ್ಥಿತಿಯನ್ನು ದಾಖಲೆ ಮಾಡುವುದೂ ರಕ್ಷಣೆಯ ಒಂದು ಅಂಗವೆಂಬುದನ್ನು ಇದರಿಂದ ತಿಳಿಯಬಹುದು.

1900ರಲ್ಲಿ ಸ್ಯೂಯೆಲರ ಗ್ರಂಥ ವಿಜಯನಗರದ ಮರೆತ ಕಥೆಯನ್ನು ಜಗತ್ತಿಗೆ ಸಾರಿತು. 1917ರಲ್ಲಿ ಲಾಂಗ್‌ಹರ್ಸ್ಟರು ಹಂಪೆಯ ಅವಶೇಷಗಳ ಮೇಲೆ ಪುಸ್ತಕ ಬರೆದರು. 1953ರಲ್ಲಿ ಬಳ್ಳಾರಿಯೊಡನೆ ಹಂಪೆಯೂ ಮೈಸೂರಿಗೆ ಸೇರಿತು. ಕೃಷ್ಣದೇವರಾಯನು ಉದಯಗಿರಿಯಿಂದ ತಂದು ಪ್ರತಿಷ್ಠಾಪಿಸಿದ ಬಾಲಕೃಷ್ಣನ ವಿಗ್ರಹ ಮಾತ್ರ ಇಂದಿಗೂ ಚೆನ್ನೈಯ ಸಂಗ್ರಹಾಲಯದಲ್ಲಿದೆ. 1970ರ ದಶಕದಿಂದ ದೊಡ್ಡ ಪ್ರಮಾಣದ ಉತ್ಖನನ ನಡೆದು, ಅರಮನೆಗಳ ತಳಹದಿಗಳೂ ಪುಷ್ಕರಣಿಗಳೂ ಕಾಲುವೆಗಳೂ ಬೆಳಕಿಗೆ ಬಂದವು. 1986ರಲ್ಲಿ ಯುನೆಸ್ಕೋ ಹಂಪೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಸುಮಾರು 4,187 ಹೆಕ್ಟೇರುಗಳ ಆ ಪ್ರದೇಶದಲ್ಲಿ 1,600ಕ್ಕೂ ಮೇಲ್ಪಟ್ಟು ಅವಶೇಷಗಳಿವೆ. ಅದರ ಮರುವರ್ಷ ಪಟ್ಟದಕಲ್ಲಿಗೂ, 2023ರಲ್ಲಿ ಬೇಲೂರು, ಹಳೆಬೀಡು, ಸೋಮನಾಥಪುರಗಳಿಗೂ ಅದೇ ಗೌರವ ಬಂದಿತು.

ಗೌರವ ಬಂದ ಮೇಲೆ ಗೋಳು ತಪ್ಪಿತೆ? ಇಲ್ಲ. ತುಂಗಭದ್ರೆಯ ಆಚೆಯ ಆನೆಗೊಂದಿಯ ಜನರಿಗೆ ಹೊಳೆ ದಾಟಲು ಸೇತುವೆ ಬೇಕಾಗಿತ್ತು. ಮಳೆಗಾಲದಲ್ಲಿ ಹರಿಗೋಲನ್ನು ನಂಬಿ ಬದುಕುವವರ ಈ ಬೇಡಿಕೆ ಅನ್ಯಾಯದ್ದಲ್ಲ. ಆದರೆ ಸೇತುವೆಯ ದೊಡ್ಡ ಕಂಬಗಳು ಏಳತೊಡಗಿದ್ದು ರಕ್ಷಿತ ಪ್ರದೇಶದ ನಟ್ಟನಡುವೆ. 1999ರಲ್ಲಿ ಯುನೆಸ್ಕೋ ಹಂಪೆಯನ್ನು ಅಪಾಯದಲ್ಲಿರುವ ಪರಂಪರೆಯ ಪಟ್ಟಿಯಲ್ಲಿ ಸೇರಿಸಿತು. 2002ರ ಕಾಯಿದೆಯ ಮೇರೆಗೆ ಹಂಪೆಗೆ ಪ್ರತ್ಯೇಕ ನಿರ್ವಹಣಾ ಪ್ರಾಧಿಕಾರವಾಯಿತು. ಅದರ ಕೈಕೆಳಗೆ 29 ಹಳ್ಳಿಗಳು, ಸುಮಾರು 236 ಚದರ ಕಿಲೋಮೀಟರ್ ನೆಲ. 2006ರಲ್ಲಿ ಹಂಪೆಯ ಹೆಸರು ಅಪಾಯದ ಪಟ್ಟಿಯಿಂದ ಇಳಿಯಿತು. ಆದರೆ ಆನೆಗೊಂದಿಯ ಸೇತುವೆ 2009ರ ಜನವರಿಯಲ್ಲಿ, ಕೆಲಸ ನಡೆಯುತ್ತಿರುವಾಗಲೇ, ಕುಸಿದುಬಿದ್ದು ಹಲವು ಕೂಲಿಕಾರರು ಪ್ರಾಣ ಕಳೆದುಕೊಂಡರು. ಸೇತುವೆ ಎಲ್ಲಿ ಕಟ್ಟಬೇಕೆಂಬುದನ್ನು ಮೊದಲೇ ಜನರೊಡನೆಯೂ ತಜ್ಞರೊಡನೆಯೂ ಕುಳಿತು ತೀರ್ಮಾನಿಸಿದ್ದರೆ ಹೊಳೆಯ ಜನಕ್ಕೂ ಹಂಪೆಗೂ ಈ ದುಃಖ ಬರುತ್ತಿರಲಿಲ್ಲ.

ಇನ್ನೊಂದು ಪ್ರಸಂಗ 2011ರ ಜುಲೈಯದು. ವಿರೂಪಾಕ್ಷ ದೇವಾಲಯದ ಮುಂದಿನ ರಥಬೀದಿಯ ಸಾಲುಮಂಟಪಗಳಲ್ಲಿ ದಶಕಗಳಿಂದ ಜನ ನೆಲಸಿದ್ದರು. ಕಂಬಗಳ ನಡುವೆ ಗೋಡೆ, ಗೋಡೆಗೆ ಸಿಮೆಂಟು, ಮೇಲೆ ಅಂಗಡಿ, ಹೋಟೆಲು. ಸ್ಮಾರಕಕ್ಕೆ ಅದರಿಂದ ಹಾನಿಯಾಗುತ್ತಿದ್ದುದು ದಿಟ. ಆದರೆ ತೆರವು ನಡೆದ ರೀತಿ ನೋಡಿದವರ ಮನಸ್ಸನ್ನು ಕಲಕಿತು. ಅತ್ಯಲ್ಪ ಕಾಲಾವಕಾಶ ಕೊಟ್ಟು, ಯಂತ್ರಗಳನ್ನು ತಂದು ಮನೆಗಳನ್ನು ಉರುಳಿಸಲಾಯಿತು. ಮುನ್ನೂರಕ್ಕೂ ಹೆಚ್ಚು ಕುಟುಂಬಗಳು ಬೀದಿಗೆ ಬಿದ್ದವು. ಕಡ್ಡಿರಾಂಪುರದ ಬಳಿ ಕೊಡಮಾಡಿದ ನಿವೇಶನಗಳಲ್ಲಿ ಬದುಕು ಕಟ್ಟಿಕೊಳ್ಳಲು ಅವರು ವರ್ಷಗಟ್ಟಲೆ ಹೆಣಗಬೇಕಾಯಿತು. ವಿಜಯನಗರದ ಕಾಲದಲ್ಲೂ ಅದು ಜನ ತುಂಬಿ ತುಳುಕುವ ಪೇಟೆಯೇ ಆಗಿತ್ತೆಂಬುದನ್ನು ನೆನೆದರೆ, ಬರಿದಾದ ಆ ಬೀದಿ ನಮಗೆ ಎರಡು ಮಾತು ಹೇಳುವಂತೆ ತೋರುತ್ತದೆ. ಕಲ್ಲನ್ನು ಕಾಯಲೇಬೇಕು, ಅದು ಒಂದು. ಕಲ್ಲಿನ ನೆರಳಲ್ಲಿ ಬದುಕಿದವರನ್ನು ಶತ್ರುಗಳೆಂದು ಬಗೆದು ಕಲ್ಲನ್ನು ಕಾಯಲಾಗದು, ಅದು ಇನ್ನೊಂದು. 2024ರ ಮೇ ತಿಂಗಳಲ್ಲಿ ಅದೇ ಸಾಲುಮಂಟಪದ ಒಂದು ಭಾಗ ಮಳೆಗೆ ಕುಸಿಯಿತು. ಜನರನ್ನು ಕಳುಹಿಸಿದ ಮಾತ್ರಕ್ಕೆ ರಕ್ಷಣೆ ಮುಗಿಯಲಿಲ್ಲ. ಬಿರುಕನ್ನು ದಿನವೂ ನೋಡುವ ಕಣ್ಣು ಬೇಕೇ ಬೇಕು.

2019ರ ಫೆಬ್ರವರಿಯಲ್ಲಿ ನಡೆದುದನ್ನೂ ಮರೆಯಬಾರದು. ಪ್ರವಾಸಕ್ಕೆಂದು ಬಂದ ಕೆಲವು ಯುವಕರು ಹಂಪೆಯ ವಿಷ್ಣು ದೇವಾಲಯವೊಂದರ ಕಂಬಗಳನ್ನು ಕೈಯಾರೆ ನೂಕಿ ಕೆಡವಿದ ಚಿತ್ರ ನಾಡೆಲ್ಲ ಹರಡಿತು. ನ್ಯಾಯಾಲಯ ಅವರಿಗೆ ತಲಾ 70,000 ರೂಪಾಯಿ ದಂಡ ವಿಧಿಸಿತು. ಅದಕ್ಕಿಂತ ಮೆಚ್ಚತಕ್ಕದ್ದೆಂದರೆ, ಕೆಡವಿದ ಕಂಬಗಳನ್ನು ಅವರ ಕೈಯಿಂದಲೇ ಎತ್ತಿ ನಿಲ್ಲಿಸಿತು. ನೂಕುವುದು ಕ್ಷಣದ ಕೆಲಸ, ನಿಲ್ಲಿಸುವುದು ಎಷ್ಟು ಭಾರವೆಂಬುದು ಆ ದಿನ ಅವರಿಗೆ ತಿಳಿದಿರಬೇಕು.

ನಮ್ಮ ಪಾಲಿನ ಹೊಣೆ

ಇದನ್ನೆಲ್ಲ ಓದಿ, “ಅದು ಸರಕಾರದ ಮಾತಾಯಿತು, ಹೊರನಾಡಿನಲ್ಲಿ ಹೊಟ್ಟೆ ಹೊರೆಯುವ ನಾವು ಮಾಡತಕ್ಕದ್ದೇನು?” ಎಂದು ಯಾರಾದರೂ ಕೇಳಬಹುದು. ನಾವು ಮಾಡುತ್ತಿರುವುದು ಒಂದುಂಟು. ಅದನ್ನು ಇಲ್ಲಿ ಬಿಚ್ಚಿ ಹೇಳಬೇಕಾಗಿದೆ.

ಕೇಂದ್ರ ಸರಕಾರದ ರಕ್ಷಣೆಯಲ್ಲಿರುವ ಸ್ಮಾರಕಗಳು ಕರ್ನಾಟಕದಲ್ಲಿ 500ಕ್ಕೂ ಹೆಚ್ಚು. ರಾಜ್ಯದ ರಕ್ಷಣೆಯಲ್ಲಿ ಇನ್ನೂ ನೂರಾರು. ಆದರೆ ಯಾವ ಪಟ್ಟಿಗೂ ಸೇರದ ಗುಡಿಗಳು, ವೀರಗಲ್ಲುಗಳು, ಮಾಸ್ತಿಕಲ್ಲುಗಳು, ದಾನಶಾಸನಗಳು ನಮ್ಮ ಊರೂರಲ್ಲೂ ಇವೆ. ಊರಿನವರು ಗುಡಿಯ ಜೀರ್ಣೋದ್ಧಾರಕ್ಕೆಂದು ಹೊರಟಾಗ ಮೊದಲು ಬರುವುದು ಮುಂಬಯಿಗೆ. ನಾವು ಭಕ್ತಿಯಿಂದ ಪಟ್ಟಿಯಲ್ಲಿ ಹೆಸರು ಬರೆಯಿಸುತ್ತೇವೆ. ಮುಂದಿನ ಬೇಸಗೆಗೆ ಊರಿಗೆ ಹೋಗಿ ನೋಡಿದರೆ ಹಳೆಯ ಕಲ್ಲುಗುಡಿ ಮಾಯ. ಅದರ ಜಾಗದಲ್ಲಿ ಸಿಮೆಂಟಿನ ಗೋಪುರ, ಬಣ್ಣ ಬಣ್ಣದ ಗೊಂಬೆ, ನೆಲಕ್ಕೆ ನುಣುಪು ಹಾಸುಗಲ್ಲು. ನಮ್ಮ ಹೆಸರುಗಳಿರುವ ಅಮೃತಶಿಲೆಯ ಫಲಕ ಗೋಡೆಯಲ್ಲಿ ಹೊಳೆಯುತ್ತಿರುತ್ತದೆ. ಬಾಗಿಲ ಬಳಿಯಿದ್ದ ಹಳಗನ್ನಡದ ಬರೆಹದ ಕಲ್ಲು ಎಲ್ಲಿ ಎಂದು ಕೇಳಿದರೆ, ಒಬ್ಬರು ತಳಪಾಯಕ್ಕೆ ಹೋಯಿತೆನ್ನುತ್ತಾರೆ, ಇನ್ನೊಬ್ಬರು ಹಿಂದಿನ ಕೊಳಾಯಿಯ ಬಳಿ ಬಟ್ಟೆ ಒಗೆಯುವ ಕಲ್ಲಾಗಿದೆಯೆನ್ನುತ್ತಾರೆ. ಇದು ಕಟ್ಟುಕಥೆಯಲ್ಲ. ನಾವೂ ಆ ಫಲಕದಲ್ಲಿ ಹೆಸರಿರುವವರೇ. ಸಾವಿರ ವರ್ಷ ಉಳಿದಿದ್ದ ಒಬ್ಬ ದಾನಿಯ ಹೆಸರನ್ನು ಅಳಿಸಿ ನಮ್ಮ ಹೆಸರನ್ನು ಕೆತ್ತಿಸಿಕೊಂಡೆವಲ್ಲ ಎಂಬ ನಾಚಿಕೆ ನಮ್ಮನ್ನು ಬಿಟ್ಟಿಲ್ಲ. ಜೀರ್ಣೋದ್ಧಾರವೆಂದರೆ ಬಿರಿದದ್ದನ್ನು ಕೂಡಿಸುವುದು, ಇದ್ದದ್ದನ್ನು ಕೆಡವುವುದಲ್ಲ ಎಂಬುದನ್ನು ಹಳೆಯ ಶಾಸನದ ಭಾಷೆಯೇ ಹೇಳಿತ್ತು. ನಾವು ಕೇಳಿಸಿಕೊಳ್ಳಲಿಲ್ಲ.

ಆದಕಾರಣ ಬಂಧುಗಳಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ಇನ್ನು ಮೇಲೆ ಊರಿನಿಂದ ಪಟ್ಟಿ ಬಂದಾಗ ವಂತಿಗೆ ಕೊಡುವ ಮುನ್ನ ನಾಲ್ಕು ಪ್ರಶ್ನೆ ಕೇಳೋಣ. ಗುಡಿ ಎಷ್ಟು ಹಳೆಯದು? ಬರೆಹವಿರುವ ಕಲ್ಲುಗಳು ಎಷ್ಟಿವೆ, ಅವುಗಳ ಚಿತ್ರ ತೆಗೆದಿಟ್ಟಿದ್ದಾರೆಯೆ? ಪುರಾತತ್ವ ಇಲಾಖೆಯವರಿಗೆ ತಿಳಿಸಿದ್ದಾರೆಯೆ? ಹಳೆಯದನ್ನು ಉಳಿಸಿಕೊಂಡು ಕೆಲಸ ಮಾಡಿಸುತ್ತಾರೆಯೆ? ಉತ್ತರ ಬರುವವರೆಗೆ ಕೈ ಹಿಡಿಯೋಣ. ಬೇಸಗೆಯ ರಜೆಯಲ್ಲಿ ಮಕ್ಕಳೊಡನೆ ಊರಿಗೆ ಹೋದಾಗ ಕೆರೆಯ ಏರಿ, ಹೊಲದ ಬದು, ಗುಡಿಯ ಅಂಗಳಗಳಲ್ಲಿರುವ ಕಲ್ಲುಗಳನ್ನು ಅವರಿಗೆ ತೋರಿಸೋಣ. ಕಲ್ಲಿಗೆ ಬಣ್ಣ ಬಳಿಯದಂತೆ, ಅಕ್ಷರಗಳಿಗೆ ಸುಣ್ಣ ಮೆತ್ತದಂತೆ, ಇದ್ದ ಜಾಗದಿಂದ ಕದಲಿಸದಂತೆ ಊರಿನ ಹಿರಿಯರಲ್ಲಿ ವಿನಯದಿಂದ ಬೇಡೋಣ. ದೂರದಲ್ಲಿರುವ ನಮ್ಮ ಮಾತಿಗೆ ಊರಿನಲ್ಲಿ ಇಷ್ಟು ಬೆಲೆಯಿದೆ. ಅದನ್ನು ಸದ್ವಿನಿಯೋಗ ಮಾಡುವುದು ನಮ್ಮ ಕೈಯಲ್ಲಿದೆ.

ಮೊದಲಿಗೆ ಕೇಳಿದ ಅಜ್ಜಿಯ ಪ್ರಶ್ನೆಗೆ ಈಗ ಉತ್ತರ ಹೇಳಬಹುದೆಂದು ತೋರುತ್ತದೆ. ನಮ್ಮ ಹಳ್ಳಿಗಳಲ್ಲಿ ಗೋಮಾಳವೆಂಬುದೊಂದಿತ್ತು, ಕೆಲವು ಕಡೆ ಇನ್ನೂ ಇದೆ. ಅದು ಯಾರ ಹೊಲವೂ ಅಲ್ಲ, ಎಲ್ಲರ ದನಕ್ಕೂ ಮೇವು. ಕೆರೆಯೂ ಹಾಗೆಯೇ. ಯಾರ ಸೊತ್ತೂ ಅಲ್ಲದ್ದರಿಂದ ಎಲ್ಲರೂ ಕಾಯಬೇಕು. ಕಾಯದೆ ಹೋದರೆ ಬೇಲಿ ದಿನಕ್ಕೊಂದು ಗೇಣು ಒಳಗೆ ಬರುತ್ತದೆ. ಘಾರಾಪುರಿಯೂ, ಹಂಪೆಯೂ, ನಮ್ಮೂರ ಗುಡಿಯ ಮುಂದಿನ ಶಾಸನವೂ ಅಂಥದೇ ಊರೊಟ್ಟಿನ ಸೊತ್ತು. ಅವುಗಳನ್ನು ಕಟ್ಟುವ ಪುಣ್ಯ ನಮ್ಮ ಪಾಲಿಗೆ ಬರಲಿಲ್ಲ. ಕಾಯುವ ಪುಣ್ಯ ಬಂದಿದೆ. ಕಟ್ಟಿಸಿದವರೇ ಅದನ್ನು ದೊಡ್ಡದೆಂದು ಬರೆದಿಟ್ಟು ಹೋಗಿದ್ದಾರೆ.